ಸ್ನಫಲ್ ಪ್ರಕರಣ: ಕೋಡ್ ಪ್ರಕಟಿಸಲು ಸರ್ಕಾರದ ಅಪ್ಪಣೆ ಬೇಕೇ?

1992ರ ಜೂನ್ 30ರಂದು ಅಮೆರಿಕದ ವಿದೇಶಾಂಗ ಇಲಾಖೆಗೆ ಒಂದು ಅರ್ಜಿ ಹೋಯಿತು. ಕಳಿಸಿದವರು ಡೇನಿಯಲ್ ಬರ್ನ್‌ಸ್ಟೈನ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿ. ಅರ್ಜಿಯ ಜೊತೆಗಿದ್ದದ್ದು ಒಂದು ಪ್ರಬಂಧ ಮತ್ತು 'ಸಿ' ಭಾಷೆಯಲ್ಲಿ ಬರೆದ ಎರಡು ಚಿಕ್ಕ ಪ್ರೋಗ್ರಾಂ. ಸಂದೇಶವನ್ನು ಗುಟ್ಟಾಗಿಸುವುದು ಒಂದು, ಅದನ್ನು ಮತ್ತೆ ಬಿಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಸ್ನಫಲ್ ಎಂದೂ ಎರಡನೆಯದಕ್ಕೆ ಅನ್‌ಸ್ನಫಲ್ ಎಂದೂ ಹೆಸರಿಟ್ಟಿದ್ದರು. ಇವನ್ನು ಪ್ರಕಟಿಸಲು ಲೈಸೆನ್ಸ್ ಬೇಕೇ ಎನ್ನುವುದಷ್ಟೇ ಅವರ ಪ್ರಶ್ನೆ.

ಆಗಸ್ಟ್ 20ರಂದು ಉತ್ತರ ಬಂತು. ಸ್ನಫಲ್ ಒಂದು ರಕ್ಷಣಾ ಸಾಮಗ್ರಿ, ಲೈಸೆನ್ಸ್ ಇಲ್ಲದೆ ರಫ್ತು ಮಾಡುವಂತಿಲ್ಲ ಅಂತ ಅದರಲ್ಲಿತ್ತು. ಅಮೆರಿಕದ ಯುದ್ಧ ಸಾಮಗ್ರಿಗಳ ಪಟ್ಟಿಯಲ್ಲಿ ಟ್ಯಾಂಕು, ಕ್ಷಿಪಣಿಗಳ ಜೊತೆ ಗೂಢಲಿಪಿಯ ತಂತ್ರಾಂಶವೂ ಇತ್ತು. ಅದರ ಹದಿಮೂರನೇ ವರ್ಗದಲ್ಲಿ ಈ ವಿದ್ಯಾರ್ಥಿಯ ಕೆಲಸವೂ ಸೇರಿಹೋಯಿತು. ಆ ಕಾನೂನನ್ನು ಬೇಕೆಂದೇ ಮುರಿದರೆ ಹತ್ತು ವರ್ಷದವರೆಗೆ ಜೈಲು, ಹತ್ತು ಲಕ್ಷ ಡಾಲರ್‌ವರೆಗೆ ದಂಡ.

ಇಲ್ಲಿಂದ ಶುರುವಾದ ಜಗಳ ಹನ್ನೊಂದು ವರ್ಷ ನಡೆಯಿತು. ಕೋಡ್ ಕೂಡ ಮಾತೇ, ಅದಕ್ಕೂ ವಾಕ್ ಸ್ವಾತಂತ್ರ್ಯ ಇದೆ ಎಂದು ಮೊದಲ ಸಲ ಹೇಳಿದ ಪ್ರಕರಣ ಅಂತ ಇದಕ್ಕೆ ಹೆಸರು. ಹೆಸರು ತಪ್ಪಲ್ಲ. ಆದರೆ ಆ ಒಂದು ಸಾಲನ್ನು ಮಾತ್ರ ಇಟ್ಟುಕೊಂಡರೆ ಪ್ರಕರಣದ ತಿರುಳು ಕೈತಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ. ಬರ್ನ್‌ಸ್ಟೈನ್ ಗೆದ್ದದ್ದು ಕೋಡ್ ಮಾತು ಎನ್ನುವ ಕಾರಣಕ್ಕೆ ಮಾತ್ರ ಅಲ್ಲ. ಆ ಮಾತಿಗೆ ಅಪ್ಪಣೆ ಕೊಡುವ ಕಚೇರಿಗೆ ಗಡುವು ಇರಲಿಲ್ಲ, ಕಾರಣ ಹೇಳುವ ಕಟ್ಟುಪಾಡು ಇರಲಿಲ್ಲ, ಅದರ ಮೇಲೆ ಕೋರ್ಟ್‌ನ ಕಣ್ಣೂ ಇರಲಿಲ್ಲ. ಅವರನ್ನು ಗೆಲ್ಲಿಸಿದ್ದು ಜಾಸ್ತಿ ಇದೇ.

ಆ ಚಿಕ್ಕ ಪ್ರೋಗ್ರಾಂನಲ್ಲಿ ಏನಿತ್ತು?

ಹ್ಯಾಶ್ ಫಂಕ್ಷನ್ ಎನ್ನುವ ಒಂದು ಗಣಿತದ ಸಾಧನ ಇದೆ. ಎಷ್ಟು ಉದ್ದದ ಬರಹ ಕೊಟ್ಟರೂ ಅದು ನಿಗದಿತ ಉದ್ದದ ಒಂದು ಸಂಖ್ಯೆ ಕೊಡುತ್ತದೆ. ಬರಹದಲ್ಲಿ ಒಂದೇ ಅಕ್ಷರ ಬದಲಾದರೂ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಮೂಲ ಬರಹವನ್ನು ತೆಗೆಯಲು ಆಗುವುದಿಲ್ಲ. ಕಳಿಸಿದ ಕಡತವನ್ನು ದಾರಿಯಲ್ಲಿ ಯಾರಾದರೂ ತಿದ್ದಿದ್ದಾರಾ ಎಂದು ಪತ್ತೆ ಮಾಡಲು ಇದು ಬೇಕಾಗುತ್ತದೆ. ಬರಹದ ಸಾಚಾತನ ಪರೀಕ್ಷಿಸುವ ಇಂಥ ಸಾಧನಗಳನ್ನು ಅಮೆರಿಕದ ನಿಯಮಗಳು ಯುದ್ಧ ಸಾಮಗ್ರಿಯ ಪಟ್ಟಿಯಿಂದ ಹೊರಗಿಟ್ಟಿದ್ದವು. ಬರಹವನ್ನು ಗುಟ್ಟಾಗಿಡುವ ಸಾಧನಗಳು ಮಾತ್ರ ಪಟ್ಟಿಯಲ್ಲಿದ್ದವು.

ಒಳ್ಳೆಯ ಹ್ಯಾಶ್ ಫಂಕ್ಷನ್ ಒಂದು ಕೈಯಲ್ಲಿದ್ದರೆ ಸಾಕು, ಅದರ ಮೇಲೆ ಕೆಲವೇ ಸಾಲುಗಳ ಕೋಡ್ ಸೇರಿಸಿ ಗೂಢಲಿಪಿ ಮಾಡಿಕೊಳ್ಳಬಹುದು ಎಂದು ಬರ್ನ್‌ಸ್ಟೈನ್ ತೋರಿಸಿದರು. ಅಂದರೆ ಸರ್ಕಾರ ರಫ್ತಿಗೆ ಬಿಟ್ಟಿದ್ದ ವಸ್ತುವಿನಿಂದ ಸರ್ಕಾರ ತಡೆದಿದ್ದ ವಸ್ತು ಸುಲಭವಾಗಿ ಹುಟ್ಟುತ್ತದೆ. ಇದು ಗಣಿತದ ಮಾತೂ ಹೌದು, ಕಾನೂನಿನ ಮೇಲಿನ ಟೀಕೆಯೂ ಹೌದು. ಹ್ಯಾಶ್ ಒಳ್ಳೆಯದು, ಗೂಢಲಿಪಿ ಅಪಾಯ ಎಂದು ಸರ್ಕಾರ ಎಳೆದ ಗೆರೆ ನಿಲ್ಲುವಂಥದ್ದಲ್ಲ ಎಂದು ಆ ಕೋಡ್ ಹೇಳುತ್ತಿತ್ತು. ಸ್ನಫಲ್ ಮಾರಾಟಕ್ಕೆ ಸಿದ್ಧವಾದ ಸರಕೇ ಆಗಿರಲಿಲ್ಲ. ಹ್ಯಾಶ್ ಫಂಕ್ಷನ್ನು ಅದರೊಳಗೆ ಇರಲೂ ಇಲ್ಲ, ಬಳಸುವವರೇ ತಂದು ಸೇರಿಸಬೇಕಿತ್ತು. ಇದು ಒಂದು ವಿಚಾರವನ್ನು ವಿವರಿಸುವ ಬರಹ ಎಂದು ಮುಂದೆ ಮೇಲ್ಮನವಿ ನ್ಯಾಯಾಲಯವೂ ಗುರುತಿಸಿತು.

ಬರ್ನ್‌ಸ್ಟೈನ್ ಅದನ್ನು ಗೂಢಲಿಪಿ ಚರ್ಚೆಯ ನ್ಯೂಸ್‌ಗ್ರೂಪ್‌ನಲ್ಲಿ ಹಾಕಿ, ಬೇರೆ ಗಣಿತಜ್ಞರು ಅದರ ತಪ್ಪುಗಳನ್ನು ಹುಡುಕಲಿ ಎಂದು ಬಯಸಿದ್ದರು. ಗೂಢಲಿಪಿಯ ವಿದ್ಯೆ ಬೆಳೆಯುವುದೇ ಹೀಗೆ. ಒಬ್ಬರು ಕಟ್ಟುತ್ತಾರೆ, ನೂರು ಜನ ಒಡೆಯಲು ನೋಡುತ್ತಾರೆ, ಒಡೆಯದೆ ಉಳಿದದ್ದು ನಂಬಿಕೆಗೆ ಅರ್ಹ. ಪ್ರಕಟಣೆ ತಡೆದರೆ ಪರೀಕ್ಷೆಯೂ ನಿಂತಂತೆ.

ಐದು ತುಂಡು ಮಾಡಿ ಕೇಳಿದ ಪ್ರಶ್ನೆ

ಮೊದಲ ಉತ್ತರ ಬಂದ ಮೇಲೆ ಬರ್ನ್‌ಸ್ಟೈನ್ ಮಾಡಿದ ಕೆಲಸ ನನಗೆ ಬಹಳ ಹಿಡಿಸುತ್ತದೆ. ಸರ್ಕಾರ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಸ್ನಫಲ್ ಎಂಬ ಒಂದು ವಸ್ತುವಿನ ಬಗ್ಗೆ ಉತ್ತರ ಕೊಟ್ಟಿತ್ತು. ಹಾಗಾದರೆ ಪ್ರಬಂಧವೂ ರಕ್ಷಣಾ ಸಾಮಗ್ರಿಯಾ? ಗೊತ್ತಾಗಲಿಲ್ಲ. 1993ರ ಜುಲೈನಲ್ಲಿ ಅವರು ಎರಡನೇ ಅರ್ಜಿ ಹಾಕಿದರು. ಈ ಸಲ ಕಟ್ಟನ್ನು ಬಿಡಿಸಿ ಐದು ತುಂಡು ಮಾಡಿದ್ದರು. ಪ್ರಬಂಧ ಒಂದು. ಎರಡು ಪ್ರೋಗ್ರಾಂ ಎರಡು. ಸ್ನಫಲ್ ಬಳಸುವುದು ಹೇಗೆ ಎಂಬ ಇಂಗ್ಲಿಷ್ ವಿವರಣೆ ನಾಲ್ಕನೆಯದು. ಕಂಪ್ಯೂಟರ್‌ಗೆ ಇದನ್ನು ಹೇಗೆ ಅಳವಡಿಸಬೇಕು ಎಂಬ ಇಂಗ್ಲಿಷ್ ಸೂಚನೆಗಳು ಐದನೆಯದು. ಪ್ರತಿಯೊಂದರ ಬಗ್ಗೆಯೂ ಬೇರೆ ಬೇರೆ ಹೇಳಿ ಎಂದು ಕೇಳಿದರು.

ಅಕ್ಟೋಬರ್‌ನಲ್ಲಿ ಬಂದ ಉತ್ತರ ಐದನ್ನೂ ರಕ್ಷಣಾ ಸಾಮಗ್ರಿ ಎಂದಿತು.

ಒಬ್ಬ ವಿದ್ಯಾರ್ಥಿ ಸರಳ ಇಂಗ್ಲಿಷಿನಲ್ಲಿ ಬರೆದ ವಿವರಣೆ ಕೂಡ ಯುದ್ಧ ಸಾಮಗ್ರಿ ಆಯಿತು ಎಂದರ್ಥ. ಕೋಡ್ ಮಾತು ಹೌದೋ ಅಲ್ಲವೋ ಎಂದು ವಾದ ಮಾಡಬಹುದು. ಆದರೆ ಇಂಗ್ಲಿಷ್ ವಾಕ್ಯ ಮಾತಲ್ಲ ಎಂದು ಯಾರಿಗೂ ಹೇಳಲಾಗದು, ಅಲ್ವಾ? ಐದು ತುಂಡಿನ ಅರ್ಜಿಯಿಂದಾಗಿ ಸರ್ಕಾರ ಸಮರ್ಥಿಸಿಕೊಳ್ಳಲಾಗದ ಜಾಗಕ್ಕೆ ತಾನೇ ಹೋಗಿ ನಿಂತಿತು.

ಉತ್ತರ ಬರುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಬರ್ನ್‌ಸ್ಟೈನ್ ಮೊದಲ ನಿರ್ಧಾರದ ವಿರುದ್ಧ ಇಲಾಖೆಯೊಳಗೇ ಮೇಲ್ಮನವಿ ಹಾಕಿದ್ದರು. ಅದಕ್ಕೆ ತೀರ್ಮಾನವೇ ಬರಲಿಲ್ಲ. ಪ್ರಬಂಧದ ಮೇಲೆ ನಮ್ಮ ಹಿಡಿತ ಇಲ್ಲ ಎಂದು ಸರ್ಕಾರ ಒಪ್ಪಿದ್ದು 1995ರ ಜೂನ್‌ನಲ್ಲಿ, ಅದೂ ಅವರು ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಸುಮಾರು ಮೂರು ವರ್ಷ ಒಬ್ಬ ಸಂಶೋಧಕ ತನ್ನ ಪ್ರಬಂಧವನ್ನು ಪ್ರಕಟಿಸಿದರೆ ಜೈಲಿಗೆ ಹೋಗಬೇಕಾದೀತು ಎಂದು ಕೂತಿದ್ದರು. ಇದನ್ನು ಓದುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಇಪ್ಪತ್ತರ ಹರೆಯದ ಸಂಶೋಧಕನಿಗೆ ಮೂರು ವರ್ಷ ಅಂದರೆ ಸಣ್ಣ ಕಾಲವಲ್ಲ.

ಅದೇ ಹೊತ್ತಿನಲ್ಲಿ ಬೇರೆ ಕಡೆ

ಬರ್ನ್‌ಸ್ಟೈನ್ ಒಬ್ಬರೇ ಈ ಗೋಡೆಗೆ ಹೋಗಿ ತಾಗಿದವರಲ್ಲ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ಇಮೇಲ್ ಗೂಢಲಿಪಿಯ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಅದು ಇಂಟರ್ನೆಟ್ ಮೂಲಕ ದೇಶದ ಹೊರಗೆ ಹೋಯಿತು. 1993ರಲ್ಲಿ ಅವರ ಮೇಲೆ ಕ್ರಿಮಿನಲ್ ತನಿಖೆ ಶುರುವಾಯಿತು. ಮೂರು ವರ್ಷ ಎಳೆದು 1996ರ ಜನವರಿಯಲ್ಲಿ ಯಾವ ಆರೋಪವನ್ನೂ ಹೊರಿಸದೆ ತನಿಖೆಯನ್ನು ಕೈಬಿಟ್ಟರು. ಈ ನಡುವೆ ಎಂಐಟಿಯ ಮುದ್ರಣಾಲಯ ಪಿಜಿಪಿಯ ಪೂರ್ತಿ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಂ ಅನ್ನು ಮನುಷ್ಯರು ಬರೆದು ಓದುವ ರೂಪವನ್ನು, ಪುಸ್ತಕವಾಗಿ ಅಚ್ಚು ಹಾಕಿತು. ಸ್ಕ್ಯಾನರ್‌ಗೆ ಸುಲಭವಾಗಿ ಓದಲು ಬರುವ ಅಕ್ಷರಗಳಲ್ಲಿ ಅಚ್ಚಾದ ಪುಸ್ತಕ ಅದು. ಪುಸ್ತಕ ದೇಶ ದಾಟಬಹುದಿತ್ತು.

ಎಂಜಿನಿಯರ್ ಫಿಲ್ ಕಾರ್ನ್ ಅವರ ಪ್ರಕರಣದಲ್ಲಿ ಈ ವಿರೋಧಾಭಾಸ ಇನ್ನೂ ಎದ್ದು ಕಾಣುತ್ತದೆ. ಗೂಢಲಿಪಿಯ ಒಂದು ಪ್ರಸಿದ್ಧ ಪಠ್ಯಪುಸ್ತಕದ ಹಿಂಭಾಗದಲ್ಲಿ ಸೋರ್ಸ್ ಕೋಡ್ ಅಚ್ಚಾಗಿತ್ತು. ಪುಸ್ತಕ ರಫ್ತು ಮಾಡಬಹುದಾ ಎಂದು ಕಾರ್ನ್ 1994ರಲ್ಲಿ ಕೇಳಿದರು. ಮಾಡಬಹುದು ಎಂದರು. ಅದೇ ಕೋಡನ್ನು ಫ್ಲಾಪಿಯಲ್ಲಿ ಹಾಕಿ ಕಳಿಸಬಹುದಾ ಎಂದು ಮತ್ತೆ ಕೇಳಿದರು. ಆಗಲ್ಲ, ಅದು ರಕ್ಷಣಾ ಸಾಮಗ್ರಿ ಎಂದರು. ಪುಸ್ತಕ ನೋಡಿಕೊಂಡು ಟೈಪ್ ಮಾಡಲು ಬರುವ ಯಾರೇ ಆದರೂ ಆ ಫ್ಲಾಪಿಯಲ್ಲಿರುವುದನ್ನು ತಯಾರು ಮಾಡಬಹುದು. ಆದರೂ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಧೀಶ ಚಾರ್ಲ್ಸ್ ರಿಚಿ 1996ರ ಮಾರ್ಚ್‌ನಲ್ಲಿ ಕಾರ್ನ್ ಅವರ ದಾವೆಯನ್ನು ವಜಾ ಮಾಡಿದರು. ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಕೋರ್ಟು ತಲೆಹಾಕಬಾರದು ಎನ್ನುವುದು ಅವರ ನಿಲುವಾಗಿತ್ತು. ಒಂದೇ ತಿಂಗಳ ಅಂತರದಲ್ಲಿ ದೇಶದ ಇನ್ನೊಂದು ತುದಿಯ ಕೋರ್ಟು ತದ್ವಿರುದ್ಧ ದಾರಿ ಹಿಡಿಯಿತು.

ನ್ಯಾಯಾಧೀಶೆ ಪಟೇಲ್ ಅವರ ಮೂರು ತೀರ್ಪು

ಬರ್ನ್‌ಸ್ಟೈನ್ ದಾವೆ ಹೂಡಿದ್ದು 1995ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಉತ್ತರ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ. ಬೆನ್ನಿಗೆ ನಿಂತದ್ದು ಡಿಜಿಟಲ್ ಲೋಕದ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್. ಮುಖ್ಯ ವಕೀಲೆ ಸಿಂಡಿ ಕೋನ್. ಪ್ರಕರಣ ಬಂದದ್ದು ನ್ಯಾಯಾಧೀಶೆ ಮರಿಲಿನ್ ಹಾಲ್ ಪಟೇಲ್ ಅವರ ಮುಂದೆ.

ಸರ್ಕಾರದ ಮೊದಲ ವಾದ, ಈ ಪ್ರಶ್ನೆ ಕೋರ್ಟಿಗೆ ಬರುವಂಥದ್ದೇ ಅಲ್ಲ ಎಂಬುದು. ಯಾವ ವಸ್ತು ಯುದ್ಧ ಸಾಮಗ್ರಿ ಎಂಬ ನಿರ್ಧಾರವನ್ನು ಕೋರ್ಟು ಮರುಪರಿಶೀಲಿಸುವಂತಿಲ್ಲ ಎಂದು ಕಾನೂನಿನಲ್ಲೇ ಬರೆದಿತ್ತು. ಪಟೇಲ್ ಒಂದು ಸ್ಪಷ್ಟ ಗೆರೆ ಎಳೆದರು. ಪಟ್ಟಿಯಲ್ಲಿ ಏನಿರಬೇಕು ಎಂದು ತಾನು ಹೇಳುವುದಿಲ್ಲ. ಆದರೆ ಇಡೀ ವ್ಯವಸ್ಥೆ ಸಂವಿಧಾನಕ್ಕೆ ಒಪ್ಪುತ್ತದಾ ಎಂದು ಕೇಳುವ ಹಕ್ಕನ್ನು ಯಾವ ಕಾನೂನೂ ಕಿತ್ತುಕೊಂಡಿಲ್ಲ ಎಂದರು.

1996ರ ಏಪ್ರಿಲ್ 15ರ ಆ ತೀರ್ಪಿನಲ್ಲೇ ಸೋರ್ಸ್ ಕೋಡ್ ಮಾತು ಎಂಬ ಮಾತು ಬಂದದ್ದು. ಕಂಪ್ಯೂಟರ್ ಭಾಷೆಗೂ ಜರ್ಮನ್ ಅಥವಾ ಫ್ರೆಂಚ್ ಭಾಷೆಗೂ ಅರ್ಥಪೂರ್ಣವಾದ ವ್ಯತ್ಯಾಸ ತನಗೆ ಕಾಣುವುದಿಲ್ಲ ಎಂದು ಅವರು ಬರೆದರು. ಸರ್ಕಾರ ಹೇಳಿದ್ದೇನೆಂದರೆ, ಕೋಡ್ ಕೆಲಸ ಮಾಡುವ ಯಂತ್ರ, ವಿಚಾರ ಹೇಳುವ ಬರಹ ಅಲ್ಲ. ಪಟೇಲ್ ಇದಕ್ಕೆ ತಾನೇ ನುಡಿಯುವ ಪಿಯಾನೋದ ಉದಾಹರಣೆ ಕೊಟ್ಟರು. ಅಂಥ ಪಿಯಾನೋದ ಕಾಗದದ ಸುರುಳಿಯಲ್ಲಿ ತೂತುಗಳ ರೂಪದಲ್ಲಿ ಸಂಗೀತ ಇರುತ್ತದೆ. ಆ ಸುರುಳಿಯನ್ನು ಓದುವುದು ಯಂತ್ರವೇ. ಅಷ್ಟಕ್ಕೇ ಅದು ಸಂಗೀತ ಅಲ್ಲ ಎಂದಾಗುವುದಿಲ್ಲ.

ಆ ಹೋಲಿಕೆ ಒಳ್ಳೆಯದೇ. ಆದರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ ತೂಕದ್ದು 1996ರ ಡಿಸೆಂಬರ್‌ನ ಎರಡನೇ ತೀರ್ಪು. ವಾಕ್ ಸ್ವಾತಂತ್ರ್ಯ ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ಚರಿತ್ರೆಯಲ್ಲಿ ಕೋರ್ಟುಗಳು ಎಲ್ಲಕ್ಕಿಂತ ಗುಮಾನಿಯಿಂದ ನೋಡುವುದು ಪ್ರಕಟಣೆಗೆ ಮುಂಚೆಯೇ ಹಾಕುವ ತಡೆಯನ್ನು. ಮಾತಾಡಿದ ಮೇಲೆ ತಪ್ಪಿದ್ದರೆ ಶಿಕ್ಷೆ ಕೊಡುವುದು ಒಂದು. ಮಾತಾಡುವ ಮೊದಲೇ ಅಪ್ಪಣೆ ತೆಗೆದುಕೋ ಎನ್ನುವುದು ಬೇರೆ. ಎರಡನೆಯದರಲ್ಲಿ ಜನ ಏನು ಕಳೆದುಕೊಂಡರು ಎಂಬುದೇ ಹೊರಗೆ ಗೊತ್ತಾಗುವುದಿಲ್ಲ.

ಮೇರಿಲ್ಯಾಂಡ್ ರಾಜ್ಯದ ಚಲನಚಿತ್ರ ಸೆನ್ಸಾರ್ ಮಂಡಳಿಯ ವಿರುದ್ಧದ ಫ್ರೀಡ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1965ರಲ್ಲಿ ಕೆಲವು ಷರತ್ತು ಹಾಕಿತ್ತು. ಅಪ್ಪಣೆ ಕೊಡುವ ವ್ಯವಸ್ಥೆ ಇರಲೇಬೇಕು ಎಂದರೆ ನಿರ್ಧಾರ ಚಿಕ್ಕ ಗಡುವಿನೊಳಗೆ ಬರಬೇಕು. ಬೇಡ ಎಂದರೆ ಬೇಗ ಕೋರ್ಟಿನ ಪರಿಶೀಲನೆ ಸಿಗಬೇಕು. ಕೋರ್ಟಿಗೆ ಹೋಗಿ ತಡೆ ಸರಿ ಎಂದು ರುಜುವಾತು ಮಾಡುವ ಹೊರೆ ಸರ್ಕಾರದ ಮೇಲಿರಬೇಕು. ಪಟೇಲ್ ಈ ಅಳತೆಗೋಲನ್ನು ವಿದೇಶಾಂಗ ಇಲಾಖೆಯ ನಿಯಮಗಳ ಮೇಲಿಟ್ಟು ನೋಡಿದರು. ಒಂದೂ ಇರಲಿಲ್ಲ. ಆ ನಿಯಮಗಳು ಸೋರ್ಸ್ ಕೋಡ್‌ಗೆ ಅನ್ವಯಿಸುವಷ್ಟರ ಮಟ್ಟಿಗೆ ಅಸಿಂಧು ಎಂದು ತೀರ್ಪು ಕೊಟ್ಟರು.

ಉತ್ತರವಿಲ್ಲದೆ ಬಿದ್ದಿದ್ದ ಆ ಮೇಲ್ಮನವಿಗೆ ಬೆಲೆ ಬಂದದ್ದು ಇಲ್ಲಿ. ಗಡುವಿಲ್ಲದ ವ್ಯವಸ್ಥೆ ಹೇಗಿರುತ್ತದೆ ಎಂದು ಕೋರ್ಟು ಊಹಿಸಿಕೊಳ್ಳಬೇಕಾಗಿರಲಿಲ್ಲ. ಸಾಕ್ಷಿ ಕಡತದಲ್ಲೇ ಇತ್ತು.

ನೆಲ ಬದಲಾಯಿತು, ಗೋಡೆ ಹಾಗೇ ಉಳಿಯಿತು

ಎರಡನೇ ತೀರ್ಪು ಬರುವ ಕೆಲವೇ ವಾರ ಮೊದಲು, 1996ರ ನವೆಂಬರ್ 15ರಂದು, ಅಧ್ಯಕ್ಷ ಕ್ಲಿಂಟನ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸೇನೆಗೆಂದೇ ಮಾಡಿದ್ದನ್ನು ಬಿಟ್ಟು ಉಳಿದ ಗೂಢಲಿಪಿ ತಂತ್ರಾಂಶ ಯುದ್ಧ ಸಾಮಗ್ರಿಗಳ ಪಟ್ಟಿಯಿಂದ ವಾಣಿಜ್ಯ ಇಲಾಖೆಯ ಪಟ್ಟಿಗೆ ಹೋಯಿತು. ಡಿಸೆಂಬರ್ 30ಕ್ಕೆ ಹೊಸ ನಿಯಮಗಳು ಜಾರಿಗೆ ಬಂದವು. ಬರ್ನ್‌ಸ್ಟೈನ್ ಗೆದ್ದದ್ದು ಆಗಲೇ ಬಳಕೆಯಿಂದ ಹೋಗುತ್ತಿದ್ದ ನಿಯಮಗಳ ವಿರುದ್ಧ ಎಂದಾಯಿತು.

ಅಷ್ಟರಲ್ಲಿ ಅವರು ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1997ರ ಜನವರಿಯಿಂದ ಗೂಢಲಿಪಿಯ ಕೋರ್ಸ್ ಶುರುವಾಗಬೇಕಿತ್ತು. ತರಗತಿಯ ಸಾಮಗ್ರಿಯನ್ನು ಇಂಟರ್ನೆಟ್‌ನಲ್ಲಿ ಹಾಕಿದರೆ ರಫ್ತು ಎನಿಸಿಕೊಳ್ಳುತ್ತಿತ್ತು. ಪಾಠ ಮಾಡುವ ಮೇಷ್ಟ್ರು ತರಗತಿಗೆ ಹೋಗುವ ಮೊದಲು ವಕೀಲರನ್ನು ಕೇಳಬೇಕಾದ ಸ್ಥಿತಿ.

ಹೊಸ ನಿಯಮಗಳು ಒಂದು ವಿಚಿತ್ರ ವಿನಾಯಿತಿ ಕೊಟ್ಟವು. ಅಚ್ಚಾದ ಪುಸ್ತಕದಲ್ಲಿರುವ ಸೋರ್ಸ್ ಕೋಡ್‌ಗೆ ಲೈಸೆನ್ಸ್ ಬೇಡ. ಅದೇ ಕೋಡ್ ಡಿಸ್ಕಿನಲ್ಲೋ ಇಂಟರ್ನೆಟ್‌ನಲ್ಲೋ ಇದ್ದರೆ ಬೇಕು. ಕ್ಲೀವ್‌ಲ್ಯಾಂಡಿನ ಕಾನೂನು ಪ್ರಾಧ್ಯಾಪಕ ಪೀಟರ್ ಜಂಗರ್ ತಮ್ಮ ಪಠ್ಯಪುಸ್ತಕದ ಮೊದಲ ಅಧ್ಯಾಯದ ಬಗ್ಗೆ 1997ರಲ್ಲಿ ಕೇಳಿದಾಗ ಅವರಿಗೆ ಸಿಕ್ಕ ಉತ್ತರವೂ ಇದೇ. ಕಾಗದದಲ್ಲಿ ಆಗಬಹುದು, ಕಂಪ್ಯೂಟರ್ ಕಡತವಾಗಿ ಆಗದು.

ಪಟೇಲ್ 1997ರ ಆಗಸ್ಟ್ 25ರ ಮೂರನೇ ತೀರ್ಪಿನಲ್ಲಿ ಇದನ್ನು ನೇರವಾಗಿ ತಳ್ಳಿಹಾಕಿದರು. ಕಾಗದಕ್ಕೂ ಇಂಟರ್ನೆಟ್‌ಗೂ ಹೀಗೆ ಭೇದ ಮಾಡುವುದು ಅರ್ಥವಿಲ್ಲದ್ದು ಎಂದರು. ಅದೇ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಇಂಟರ್ನೆಟ್‌ನ ಮಾತಿಗೂ ಪೂರ್ತಿ ರಕ್ಷಣೆ ಇದೆ ಎಂದು ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು. ಅದೂ ಬಲ ಕೊಟ್ಟಿತು. ಆದರೆ ಪಟೇಲ್ ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆ ಕೊಡಲಿಲ್ಲ. ಬರ್ನ್‌ಸ್ಟೈನ್ ಮತ್ತು ಅವರ ಪ್ರೋಗ್ರಾಂ ಬಳಸುವ, ಚರ್ಚಿಸುವ, ಪ್ರಕಟಿಸುವವರಿಗೆ ಅದನ್ನು ಸೀಮಿತಗೊಳಿಸಿದರು.

ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ

ಸರ್ಕಾರ ಒಂಬತ್ತನೇ ಸರ್ಕೀಟ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ವಾದ ನಡೆದದ್ದು 1997ರ ಡಿಸೆಂಬರ್‌ನಲ್ಲಿ. ತೀರ್ಪು ಬಂದದ್ದು 1999ರ ಮೇ 6ರಂದು. ಮೂವರಲ್ಲಿ ಇಬ್ಬರು ಬರ್ನ್‌ಸ್ಟೈನ್ ಪರ.

ಬಹುಮತದ ತೀರ್ಪು ಬರೆದ ಬೆಟ್ಟಿ ಫ್ಲೆಚರ್ ಪಟೇಲ್ ಅವರಿಗಿಂತ ಹೆಚ್ಚು ಎಚ್ಚರದಿಂದ ನಡೆದರು. ಎಲ್ಲ ತಂತ್ರಾಂಶವೂ ಮಾತು ಎಂದು ಅವರು ಹೇಳಲಿಲ್ಲ. ಗಣಿತಜ್ಞರು ಸಮೀಕರಣ ಬರೆಯುವಂತೆ, ಅರ್ಥಶಾಸ್ತ್ರಜ್ಞರು ನಕ್ಷೆ ಎಳೆಯುವಂತೆ, ಗೂಢಲಿಪಿಯ ವಿದ್ವಾಂಸರು ತಮ್ಮ ವಿಚಾರ ಹೇಳಲು ಸೋರ್ಸ್ ಕೋಡ್ ಬರೆಯುತ್ತಾರೆ ಎಂದರು. ಇದೇ ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ. ಕೋಡ್ ತಾನಾಗಿ ಏನು ಎಂಬ ತತ್ವದ ಪ್ರಶ್ನೆಗೆ ಕೈ ಹಾಕಬೇಕಾಗಿಲ್ಲ. ಮನುಷ್ಯರು ಅದನ್ನು ಒಬ್ಬರಿಗೊಬ್ಬರು ಏನು ಹೇಳಲು ಬಳಸುತ್ತಾರೆ ಎಂದು ನೋಡಿದರೆ ಸಾಕು.

ಆಮೇಲೆ ಅವರು ಹೊಸ ಲೈಸೆನ್ಸ್ ವ್ಯವಸ್ಥೆಯನ್ನು ನೋಡಿದರು. 90 ದಿನದ ಗಡುವು ಈಗ ಇತ್ತು. ಆದರೆ ಅರ್ಜಿ ಅಧ್ಯಕ್ಷರವರೆಗೆ ಹೋದರೆ ಅಲ್ಲಿ ಗಡುವಿಲ್ಲ. ಕೋರ್ಟಿನ ಪರಿಶೀಲನೆ ಈಗಲೂ ಇಲ್ಲ. ರಾಷ್ಟ್ರೀಯ ಭದ್ರತೆ ಎಂಬ ಪದದ ಕೆಳಗೆ ಅಧಿಕಾರಿಗೆ ಏನು ಬೇಕಾದರೂ ನಿರ್ಧರಿಸುವ ಸ್ವಾತಂತ್ರ್ಯ. ಫ್ರೀಡ್‌ಮನ್ ಅಳತೆಗೆ ಇದೂ ಸಾಲಲಿಲ್ಲ. ತೀರ್ಪಿನ ಕೊನೆಯ ಭಾಗದಲ್ಲಿ ಫ್ಲೆಚರ್ ಇನ್ನೊಂದು ಮಾತು ಸೇರಿಸಿದರು. ಗೂಢಲಿಪಿಯನ್ನು ಹತ್ತಿಕ್ಕಿದರೆ ನಷ್ಟ ಅದನ್ನು ಬರೆಯುವ ವಿದ್ವಾಂಸರಿಗೆ ಮಾತ್ರ ಅಲ್ಲ, ಅದರಿಂದ ತಮ್ಮ ಖಾಸಗಿತನ ಕಾಪಾಡಿಕೊಳ್ಳಬಹುದಾದ ಎಲ್ಲರ ಹಕ್ಕಿನ ಪ್ರಶ್ನೆಯೂ ಇಲ್ಲಿದೆ ಎಂದು.

ಒಪ್ಪದ ನ್ಯಾಯಾಧೀಶ ಟಿ. ಜಿ. ನೆಲ್ಸನ್ ಅವರ ವಾದವನ್ನೂ ಗಮನವಿಟ್ಟು ಓದಬೇಕು. ಗೂಢಲಿಪಿಯ ಸೋರ್ಸ್ ಕೋಡ್ ಮಾತಿಗಿಂತ ಕ್ರಿಯೆಗೇ ಹತ್ತಿರ ಎಂದರು ಅವರು. ಕಂಪ್ಯೂಟರನ್ನು ನಡೆಸುವುದೇ ಅದರ ಮೂಲ ಕೆಲಸ, ವಿಚಾರ ವಿನಿಮಯಕ್ಕೆ ಬಳಸುವವರು ಕೆಲವರು ಮಾತ್ರ. ಬರ್ನ್‌ಸ್ಟೈನ್ ವಿಷಯದಲ್ಲಿ ನಿಯಮ ತಪ್ಪಾಗಿ ಅನ್ವಯವಾಗಿದ್ದರೆ ಅವರಿಗಷ್ಟೇ ಪರಿಹಾರ ಕೊಡಿ, ಇಡೀ ನಿಯಮವನ್ನು ಕೆಡವಬೇಡಿ ಎನ್ನುವುದು ಅವರ ನಿಲುವು. ಇದರಲ್ಲಿ ಹುರುಳಿದೆ. ಕೋಡ್ ಕೆಲಸ ಮಾಡುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಸರ್ಕಾರದ ಭಯವೂ ಸುಳ್ಳಲ್ಲ. ಬೇರೆ ದೇಶದ ಸಂದೇಶಗಳನ್ನು ಓದುವ ಸಾಮರ್ಥ್ಯ ಯುದ್ಧದ ಗತಿಯನ್ನೇ ಬದಲಿಸಿದ್ದನ್ನು ಎರಡನೇ ಮಹಾಯುದ್ಧದಲ್ಲಿ ಕಂಡ ದೇಶ ಅದು. ಆದರೆ ಅಪಾಯ ನಿಜ ಎಂದ ಮಾತ್ರಕ್ಕೆ, ಅದನ್ನು ಅಳೆಯುವ ಅಧಿಕಾರ ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಒಂದು ಕಚೇರಿಗೆ ಹೋಗಬೇಕಾ? ಈ ಪ್ರಶ್ನೆಗೆ ನೆಲ್ಸನ್ ಅವರ ಬರಹದಲ್ಲಿ ನನಗೆ ಉತ್ತರ ಸಿಗಲಿಲ್ಲ.

ಗೆದ್ದ ತೀರ್ಪು ಮಾಯವಾದದ್ದು

ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ 1999ರ ಮೇ ತಿಂಗಳಿಗೇ ನಿಲ್ಲಿಸಿಬಿಡುತ್ತಾರೆ. ಕತೆ ಅಲ್ಲಿಗೆ ಮುಗಿಯುವುದಿಲ್ಲ.

ದೊಡ್ಡ ಪೀಠ ಮತ್ತೆ ಕೇಳಲಿ ಎಂದು ಸರ್ಕಾರ ಬೇಡಿಕೆ ಇಟ್ಟಿತು. ಸೆಪ್ಟೆಂಬರ್ 16ರಂದು ಶ್ವೇತಭವನ, ಗೂಢಲಿಪಿ ರಫ್ತಿನ ನಿಯಮಗಳನ್ನು ಸಡಿಲಿಸುತ್ತೇವೆ ಎಂದು ಘೋಷಿಸಿತು. ಎರಡು ವಾರ ಕಳೆದು ಸೆಪ್ಟೆಂಬರ್ 30ರಂದು ನ್ಯಾಯಾಲಯ ಮರುವಿಚಾರಣೆಗೆ ಒಪ್ಪಿತು. ಒಪ್ಪಿದ ಕೂಡಲೇ ಮೇ ತಿಂಗಳ ತೀರ್ಪು ಹಿಂದಕ್ಕೆ ಹೋಯಿತು. ಇನ್ನು ಅದನ್ನು ಪೂರ್ವನಿದರ್ಶನವೆಂದು ಎತ್ತಿ ತೋರಿಸುವಂತಿಲ್ಲ. 2000ದ ಜನವರಿಯಲ್ಲಿ ಹೊಸ ನಿಯಮಗಳು ಬಂದವು. ಎಲ್ಲರಿಗೂ ಮುಕ್ತವಾಗಿ ಸಿಗುವ ಸೋರ್ಸ್ ಕೋಡ್‌ಗೆ ಲೈಸೆನ್ಸ್ ಬೇಡ, ಹಾಕಿದ್ದೇವೆ ಎಂದು ಸರ್ಕಾರಕ್ಕೆ ತಿಳಿಸಿದರೆ ಸಾಕು ಎಂದಾಯಿತು. ನಿಯಮವೇ ಬದಲಾದ ಮೇಲೆ ಮರುವಿಚಾರಣೆಯ ಅಗತ್ಯವೂ ಇಲ್ಲ ಎಂದು ಪ್ರಕರಣ ಮತ್ತೆ ಕೆಳಗಿನ ಕೋರ್ಟಿಗೆ ಹೋಯಿತು.

ಸರ್ಕಾರ ಸಡಿಲಿಸಿದ್ದು ಈ ಒಂದು ದಾವೆಗೆ ಹೆದರಿ ಎಂದರೆ ಅತಿಯಾದೀತು. ಹೊರದೇಶದ ಕಂಪನಿಗಳು ಬಲವಾದ ಗೂಢಲಿಪಿ ಮಾರುತ್ತಿದ್ದವು. ಅಮೆರಿಕದ ಕಂಪನಿಗಳು ರಫ್ತಿಗೆಂದು ಬೇಕಂತಲೇ 40 ಬಿಟ್ ಕೀಲಿಯ ದುರ್ಬಲ ಆವೃತ್ತಿ ಮಾಡಬೇಕಿತ್ತು. ಅಂಥ ಕೀಲಿಯನ್ನು 1995ರಲ್ಲೇ ಫ್ರಾನ್ಸಿನ ಒಬ್ಬ ವಿದ್ಯಾರ್ಥಿ ಎಂಟು ದಿನದಲ್ಲಿ ಒಡೆದು ತೋರಿಸಿದ್ದರು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಒಂದು ಯಂತ್ರ ಕಟ್ಟಿ, ಸರ್ಕಾರದ ಗುಣಮಟ್ಟವೇ ಆಗಿದ್ದ 56 ಬಿಟ್ ಕೀಲಿಯ ಡಿಇಎಸ್ ಎಂಬ ಗೂಢಲಿಪಿಯನ್ನು 56 ಗಂಟೆಯಲ್ಲಿ ಒಡೆಯಿತು. ಆ ಯಂತ್ರದ ವಿನ್ಯಾಸವನ್ನು ಅವರು ಪ್ರಕಟಿಸಿದ್ದು ಅಚ್ಚಾದ ಪುಸ್ತಕವಾಗಿ. ಕಾಗದಕ್ಕೆ ವಿನಾಯಿತಿ ಇತ್ತಲ್ಲ! ಬ್ರೌಸರ್‌ನಲ್ಲಿ ವ್ಯಾಪಾರ ಬೆಳೆಯುತ್ತಿದ್ದ ಕಾಲದಲ್ಲಿ ಇಂಥ ನಿಯಮ ಬಹಳ ದಿನ ನಿಲ್ಲುವಂತಿರಲಿಲ್ಲ. ಆದರೂ ಗಡುವು, ಕೋರ್ಟು, ಕಾರಣ ಎಂಬ ಮಾತುಗಳನ್ನು ಎತ್ತಿ ಸರ್ಕಾರದ ಬಾಯಿಂದ ಉತ್ತರ ಹೊರಡಿಸಿದ್ದು ಮಾರುಕಟ್ಟೆ ಅಲ್ಲ, ಈ ದಾವೆ.

ಹಳೆಯ ನಿಯಮದ ಹಾನಿ ಎಷ್ಟು ದೂರ ಬಂತು ಎಂದರೆ, 2015ರಲ್ಲಿ ಪತ್ತೆಯಾದ ಫ್ರೀಕ್ ಮತ್ತು ಲಾಗ್‌ಜ್ಯಾಮ್ ಎಂಬ ಎರಡು ದಾಳಿಗಳ ಬೇರು ಅದರಲ್ಲೇ ಇತ್ತು. ರಫ್ತಿಗೆಂದು ಮಾಡಿದ್ದ ದುರ್ಬಲ ಕೀಲಿಗಳ ಬೆಂಬಲ ಸರ್ವರ್‌ಗಳಲ್ಲಿ ಹಾಗೇ ಉಳಿದುಬಿಟ್ಟಿತ್ತು. ನಿಯಮ ಹೋಗಿ ಹದಿನೈದು ವರ್ಷವಾದರೂ ದುಷ್ಕರ್ಮಿಗಳು ಸಂಪರ್ಕವನ್ನು ಆ ಹಳೆ ಕೀಲಿಗೆ ಎಳೆದು ಒಡೆಯಬಹುದಿತ್ತು. ವಿದೇಶಿಯರಿಗೆ ದುರ್ಬಲ ಬೀಗ ಸಾಕು ಎಂದು ಮಾಡಿದ್ದು ತಮ್ಮದೇ ಜನರ ಬಾಗಿಲಿಗೂ ಬಂತು.

ಜಂಗರ್ ಅವರ ಪ್ರಕರಣ ಮಾತ್ರ ಗಟ್ಟಿ ನಿದರ್ಶನವಾಗಿ ಉಳಿಯಿತು. ಆರನೇ ಸರ್ಕೀಟ್ ನ್ಯಾಯಾಲಯ 2000ದ ಏಪ್ರಿಲ್ 4ರಂದು, ಸೋರ್ಸ್ ಕೋಡ್‌ಗೆ ಮೊದಲ ತಿದ್ದುಪಡಿಯ ರಕ್ಷಣೆ ಇದೆ ಎಂದಿತು. ಕೋಡ್ ಮಾಡುವ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದೂ ಸೇರಿಸಿತು. ಆ ಎರಡನೇ ವಾಕ್ಯದ ಬಲ ಮರುವರ್ಷವೇ ಕಂಡಿತು. ಡಿವಿಡಿಯ ಬೀಗ ಬಿಚ್ಚುವ ಡಿಸಿಎಸ್‌ಎಸ್ ಕೋಡ್‌ನ ವಿಷಯದಲ್ಲಿ ಎರಡನೇ ಸರ್ಕೀಟ್, ಕೋಡ್ ಮಾತು ಹೌದು ಎಂದು ಒಪ್ಪಿಯೂ ಅದನ್ನು ಹಂಚಬಾರದು ಎಂಬ ಆಜ್ಞೆಯನ್ನು ಎತ್ತಿಹಿಡಿಯಿತು. ಮಾತು ಎಂದು ಒಪ್ಪಿಸಿದ ಮಾತ್ರಕ್ಕೆ ಗೆಲುವು ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ತಡೆ ಹಾಕಿದ್ದು ಯಾರು, ಹೇಗೆ, ಕೋರ್ಟಿನ ಮುಂದೆ ಹಾಕಿದರಾ ಇಲ್ಲವಾ ಎನ್ನುವುದರ ಮೇಲೇ ಎಲ್ಲ ನಿಂತಿದೆ.

ಬರ್ನ್‌ಸ್ಟೈನ್ ಸುಮ್ನೆ ಕೂರಲಿಲ್ಲ. ಉಳಿದ ನಿಯಮಗಳೂ ಸರಿಯಿಲ್ಲ ಎಂದು 2002ರಲ್ಲಿ ದಾವೆಗೆ ಮತ್ತೆ ಜೀವ ಕೊಟ್ಟರು. ಈ ಸಲ ವಕೀಲರಿಲ್ಲದೆ ತಾವೇ ವಾದಿಸಿದರು. 2003ರ ಅಕ್ಟೋಬರ್ 15ರಂದು ನ್ಯಾಯಾಧೀಶೆ ಪಟೇಲ್ ಅವರೇ ದಾವೆಯನ್ನು ಮುಗಿಸಿದರು. ಈ ನಿಯಮಗಳನ್ನು ನಿಮ್ಮ ಮೇಲೆ ಹೇರುವ ಉದ್ದೇಶವಿಲ್ಲ ಎಂದು ಸರ್ಕಾರ ಹೇಳಿತ್ತು. ನಿಜವಾದ ಬೆದರಿಕೆ ಬಂದರೆ ಮತ್ತೆ ಬನ್ನಿ ಎಂದು ಕೋರ್ಟು ಹೇಳಿತು. ಸುಪ್ರೀಂ ಕೋರ್ಟಿನವರೆಗೆ ಈ ಪ್ರಶ್ನೆ ಹೋಗಲೇ ಇಲ್ಲ.

ಅವರ ಗಣಿತ ಮಾತ್ರ ಎಲ್ಲ ಕಡೆ ಹೋಯಿತು. ಹ್ಯಾಶ್‌ನಂಥ ಒಂದು ಫಂಕ್ಷನ್ನಿನಿಂದ ಗೂಢಲಿಪಿ ಕಟ್ಟುವ ಅದೇ ವಿಚಾರವನ್ನು ಅವರು 2005ರಲ್ಲಿ ಇನ್ನಷ್ಟು ಬೆಳೆಸಿದರು. ಅದಕ್ಕೆ ಮೊದಲು ಸ್ನಫಲ್ 2005 ಎಂದೇ ಹೆಸರಿಟ್ಟಿದ್ದರು, ಅದೇ ಮುಂದೆ ಸಾಲ್ಸಾ20 ಆಯಿತು. ಅದರಿಂದ 2008ರಲ್ಲಿ ಬಂದದ್ದು ಚಾಚಾ. ಇವತ್ತು ಫೋನ್ ಬ್ರೌಸರ್‌ಗಳಿಂದ ಹಿಡಿದು ವೈರ್‌ಗಾರ್ಡ್‌ನಂಥ ವಿಪಿಎನ್‌ವರೆಗೆ ಕೋಟ್ಯಂತರ ಜನರ ಸಂದೇಶಗಳನ್ನು ಕಾಯುತ್ತಿರುವ ವಿಧಾನಗಳಲ್ಲಿ ಅದೂ ಒಂದು.

ನಿಯಮದ ಉಳಿಕೆ ಇನ್ನೂ ಇದೆ. ಮುಕ್ತ ಸೋರ್ಸ್ ಕೋಡ್ ಹಾಕುವವರು ವಾಣಿಜ್ಯ ಇಲಾಖೆಗೂ ರಾಷ್ಟ್ರೀಯ ಭದ್ರತಾ ಸಂಸ್ಥೆಗೂ ಇಮೇಲ್ ಕಳಿಸಬೇಕು ಎಂಬ ಷರತ್ತನ್ನು 2021ರ ಮಾರ್ಚ್‌ನಲ್ಲಿ ಬಹುಪಾಲು ತೆಗೆದುಹಾಕಿದರು. ಮಾನ್ಯತೆ ಪಡೆದ ಯಾವ ಸಂಸ್ಥೆಯೂ ಒಪ್ಪಿರದ, ಬೇರೆಲ್ಲೂ ಪ್ರಕಟವಾಗಿರದ ಹೊಸ ವಿಧಾನ ಕೋಡ್‌ನಲ್ಲಿದ್ದರೆ ಮಾತ್ರ ಇಮೇಲ್ ಈಗಲೂ ಕಡ್ಡಾಯ. ಆದರೆ ಅದು ಅಪ್ಪಣೆ ಕೇಳುವ ಅರ್ಜಿ ಅಲ್ಲ. ಇಮೇಲ್ ಕಳಿಸಿ, ಉತ್ತರಕ್ಕೆ ಕಾಯದೆ ಪ್ರಕಟಿಸಬಹುದು.